ಫಾಂಟಿನ ಹೆಸರು ಹೊತ್ತ ಭಾರ: ವರ್ಡ್ ಕಡತದಿಂದ ಜಾಲಪುಟಕ್ಕೆ ಕನ್ನಡ ಪಠ್ಯ ಸಾಗಿದ ಬಗೆ

ವರ್ಡ್ ಪ್ರೊಸೆಸರಿನಲ್ಲಿ ಸಿದ್ಧವಾದ ಕಡತವನ್ನು ಜಾಲಪುಟವಾಗಿ ಮಾರ್ಪಡಿಸುವುದೆಂದರೆ, ದಪ್ಪಕ್ಷರ, ಓರೆಯಕ್ಷರ, ಅಂಚು, ಸಾಲಿನ ಅಂತರ ಮುಂತಾಗಿ ಕಣ್ಣಿಗೆ ಕಾಣುವ ವಿನ್ಯಾಸವನ್ನು, ಪಠ್ಯದ ಯಾವ ಭಾಗ ತಲೆಬರಹ, ಯಾವುದು ಪ್ಯಾರಾ, ಯಾವುದು ಒತ್ತಿ ಹೇಳಿದ ಮಾತು ಎಂದು ತಿಳಿಸುವ ಗುರುತುಗಳಾಗಿ ಬದಲಿಸುವುದು. ಈ ಗುರುತುಗಳನ್ನು ಟ್ಯಾಗ್ ಎಂದೂ, ಜಾಲಪುಟಗಳಿಗಾಗಿ ರೂಪುಗೊಂಡ ಟ್ಯಾಗುಗಳ ವ್ಯವಸ್ಥೆಯನ್ನು ಎಚ್‌ಟಿಎಂಎಲ್ ಎಂದೂ ಕರೆಯುತ್ತಾರೆ. ಈ ಮಾರ್ಪಾಟಿನ ಇತಿಹಾಸವು ಪಠ್ಯದ ರೂಪವನ್ನೂ ಅರ್ಥವನ್ನೂ ಹಂತಹಂತವಾಗಿ ಬೇರ್ಪಡಿಸುತ್ತ ಬಂದ ಇತಿಹಾಸವೆಂಬ ವಿವರಣೆ ಇಂಗ್ಲಿಷ್ ಪಠ್ಯದ ಮಟ್ಟಿಗೆ ಒಪ್ಪತಕ್ಕದ್ದೇ ಆದರೂ, ಕನ್ನಡಕ್ಕೆ ಅದನ್ನು ಇದ್ದ ಹಾಗೆ ಅನ್ವಯಿಸಲಾಗದು. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತಸ್ಥಾನ ಕೊಡುವ ಯೂನಿಕೋಡ್ ಎಂಬ ಮಾನಕ ಬಳಕೆಗೆ ಬರುವ ಮುನ್ನಿನ ಕನ್ನಡ ಕಡತಗಳಲ್ಲಿ ಫಾಂಟಿನ ಹೆಸರು ಅಲಂಕಾರವಾಗಿರಲಿಲ್ಲ. ಪಠ್ಯ ಕನ್ನಡವೆಂಬುದಕ್ಕೆ ಅದೊಂದೇ ಸಾಕ್ಷಿಯಾಗಿತ್ತು.

ಮಾರ್ಕಪ್ ಭಾಷೆಗಳ ಮೂಲ ಜಾಲಕ್ಕಿಂತ ಹಳೆಯದು. ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ 1969ರಲ್ಲಿ ಆರಂಭಿಸಿದ ಕೆಲಸವು ಮುಂದೆ ಬೆಳೆದು, 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ತಿರುಳು ಇಷ್ಟೇ: ಪಠ್ಯದ ಭಾಗ ಏನೆಂಬುದನ್ನು ಗುರುತಿಸಬೇಕು, ಅದು ಹೇಗೆ ಕಾಣಬೇಕೆಂಬುದನ್ನು ಬೇರೆ ಕಡೆ ನಿರ್ಧರಿಸಬೇಕು. ವರ್ಡ್ ಪ್ರೊಸೆಸರುಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದವು. ಪರದೆಯ ಮೇಲೆ ಕಂಡದ್ದೇ ಕಾಗದದ ಮೇಲೆ ಮೂಡಬೇಕೆಂಬುದು ಅವುಗಳ ಗುರಿಯಾಗಿದ್ದುದರಿಂದ, ಬರೆಯುವವರು ತಲೆಬರಹವನ್ನು ತಲೆಬರಹವೆಂದು ಗುರುತಿಸುವ ಬದಲು, ಆ ಸಾಲನ್ನು ದೊಡ್ಡದಾಗಿಸಿ ದಪ್ಪಗೊಳಿಸಿ ನಡುವಿಗೆ ತರುವುದನ್ನು ರೂಢಿಸಿಕೊಂಡರು. ಇಂಥ ಕಡತ ಜಾಲಪುಟವಾದಾಗ ಅದರಲ್ಲಿ ದಪ್ಪಕ್ಷರದ ಪ್ಯಾರಾಗಳಿರುತ್ತವೆಯೇ ಹೊರತು ತಲೆಬರಹಗಳಿರುವುದಿಲ್ಲ.

ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಎಂಎಲ್ ಎಸ್‌ಜಿಎಂಎಲ್‌ನ ದಾರಿಯಲ್ಲೇ ಹೊರಟಿತಾದರೂ, 1990ರ ದಶಕದ ನಡುವಿನ ಬ್ರೌಸರುಗಳ ಪೈಪೋಟಿಯಲ್ಲಿ ಅಕ್ಷರದ ಗಾತ್ರ, ಬಣ್ಣ, ಫಾಂಟುಗಳನ್ನು ನೇರವಾಗಿ ಹೇಳುವ ಫಾಂಟ್ ಟ್ಯಾಗ್ ಅದರೊಳಗೆ ಸೇರಿಕೊಂಡಿತು. ರೂಪವನ್ನು ಪ್ರತ್ಯೇಕವಾಗಿ ವಿವರಿಸುವ ಸಿಎಸ್‌ಎಸ್ ಎಂಬ ಮಾನಕ 1996ರ ಡಿಸೆಂಬರಿನಲ್ಲಿ ಬಂದು, ಮರುವರ್ಷ ಎಚ್‌ಟಿಎಂಎಲ್ 4.0 ಫಾಂಟ್ ಟ್ಯಾಗನ್ನು ಬಿಟ್ಟುಬಿಡತಕ್ಕದ್ದೆಂದು ಸಾರಿತು. ಇದರ ಬೆನ್ನಿಗೇ ಬಂದ ವರ್ಡ್ 2000, ಜಾಲಪುಟವಾಗಿ ಉಳಿಸಿದ ಕಡತವನ್ನು ಮತ್ತೆ ವರ್ಡ್‌ನಲ್ಲೇ ತೆರೆದಾಗ ಏನೂ ನಷ್ಟವಾಗಬಾರದೆಂಬ ಉದ್ದೇಶದಿಂದ, 'ಎಂಎಸ್‌ಒ' ಎಂದು ಮೊದಲಾಗುವ ತನ್ನದೇ ಗುರುತುಗಳನ್ನು ಪುಟದ ತುಂಬ ಸೇರಿಸುತ್ತಿತ್ತು. ಈ ಹೊರೆಯನ್ನು ಇಳಿಸಲು ಡೇವ್ ರಾಗೆಟ್ ಸಿದ್ಧಪಡಿಸಿದ ಟೈಡಿಯಂಥ ತಂತ್ರಾಂಶಗಳು ನೆರವಾದವು. ಅದರಲ್ಲಿ ವರ್ಡ್ 2000ಕ್ಕೆಂದೇ ಒಂದು ಆಯ್ಕೆಯೂ, ಫಾಂಟ್ ಟ್ಯಾಗುಗಳನ್ನು ಪೂರ್ತಿಯಾಗಿ ಕಿತ್ತೊಗೆಯುವ ಇನ್ನೊಂದು ಆಯ್ಕೆಯೂ ಇದ್ದವು.

ಇಂಗ್ಲಿಷ್ ಪುಟದಿಂದ ಫಾಂಟ್ ಟ್ಯಾಗನ್ನು ಕಿತ್ತರೆ ಪುಟ ಶುದ್ಧವಾಗುತ್ತದೆ. ಕನ್ನಡ ಪುಟದಿಂದ ಕಿತ್ತರೆ ಏನಾಗುತ್ತಿತ್ತೆಂಬುದನ್ನು ಅರಿಯಲು ಆಗಿನ ಕನ್ನಡ ತಂತ್ರಾಂಶಗಳ ಒಳರಚನೆಯನ್ನು ನೋಡಬೇಕು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಎಂಬ ತಂತ್ರಾಂಶ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಇವುಗಳ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ನುಡಿ ಫಾಂಟಿನಲ್ಲಿ 'ಕ' ಎಂದು ಕಾಣುವುದು ಕಡತದೊಳಗೆ ರೋಮನ್ 'ಪಿ' ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ 'ಎ' ಎಂಬ ಎರಡು ಚಿಹ್ನೆಗಳಾಗಿರುತ್ತದೆ. 'ನ' ಅಕ್ಷರದ ಮೊದಲ ತುಂಡು ಬ್ರಿಟಿಷ್ ಪೌಂಡಿನ ಚಿಹ್ನೆಯ ಸ್ಥಾನದಲ್ಲಿದೆ. ಅದರ ಒತ್ತಕ್ಷರ ಕುಳಿತಿರುವುದು ಜರ್ಮನ್ ಭಾಷೆಯ ಜೋಡಿ 'ಎಸ್' ಸ್ಥಾನದಲ್ಲಿ. 'ಕನ್ನಡ' ಎಂಬ ಪದ ಹೀಗೆ ಏಳು ರೋಮನ್ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ. ಆ ಏಳನ್ನು ಕನ್ನಡವಾಗಿಸುವುದು ಫಾಂಟಿನ ಹೆಸರೊಂದೇ ಆದ್ದರಿಂದ, ಅದನ್ನು ತೆಗೆದ ಗಳಿಗೆಯಲ್ಲೇ ಪದ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಜಾಲಪುಟವನ್ನು ಶುದ್ಧಗೊಳಿಸಲೆಂದು ಒಳ್ಳೆಯ ಉದ್ದೇಶದಿಂದಲೇ ರಚಿತವಾದ ನಿಯಮ ಕನ್ನಡಕ್ಕೆ ಮಾರಕವಾಗುತ್ತಿದ್ದುದು ಹೀಗೆ.

ಫಾಂಟ್ ಟ್ಯಾಗನ್ನು ಉಳಿಸಿಕೊಂಡ ಪುಟಗಳ ಪಾಡೂ ಸುಲಭದ್ದಾಗಿರಲಿಲ್ಲ. ಓದುಗರು ಆಯಾ ಫಾಂಟನ್ನು ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಅಳವಡಿಸಿಕೊಳ್ಳಬೇಕಾಗಿತ್ತು, ಇಲ್ಲವೇ ಪುಟದ ಜೊತೆಗೇ ಫಾಂಟನ್ನು ಕಳಿಸುವ, ಡೈನಾಮಿಕ್ ಫಾಂಟ್ ಎಂಬ ವ್ಯವಸ್ಥೆಯನ್ನು ಅವರ ಬ್ರೌಸರ್ ಬಲ್ಲದ್ದಾಗಿರಬೇಕಿತ್ತು. ಹಾಗೆ ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಅದು ರೋಮನ್ ಚಿಹ್ನೆಗಳ ಸಾಲೇ.

ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲೇ. ಆದರೆ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ 2001ರಲ್ಲಿ ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಅದರ ಪ್ರಯೋಜನ ಅಷ್ಟಾಗಿ ಒದಗಲಿಲ್ಲ. ಅಲ್ಲಿಂದ ಮುಂದೆ ಹಳೆಯ ಕಡತಗಳನ್ನು ಜಾಲಕ್ಕೆ ತರುವ ಕೆಲಸದಲ್ಲಿ ವಿನ್ಯಾಸವನ್ನು ಟ್ಯಾಗಾಗಿಸುವುದು ಮತ್ತು ಚಿಹ್ನೆಗಳನ್ನು ಯೂನಿಕೋಡ್ ಅಕ್ಷರಗಳಾಗಿಸುವುದು ಎಂಬ ಎರಡು ಮಾರ್ಪಾಟುಗಳು ಒಂದರೊಳಗೊಂದು ಹೆಣೆದುಕೊಂಡವು. ಎರಡನೆಯದು ಚಿಹ್ನೆಗೆ ಚಿಹ್ನೆ ಇಡುವಷ್ಟು ಸರಳವಲ್ಲ. ಹಳೆಯ ಫಾಂಟುಗಳು ಕೈಬರಹದ ಕ್ರಮವನ್ನು ಅನುಸರಿಸುತ್ತವೆ, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. 'ಅಕ್ಕಿ' ಎಂಬಲ್ಲಿ ನುಡಿಯು 'ಕಿ' ರೂಪವನ್ನು ಮೊದಲಿಟ್ಟು ಆಮೇಲೆ ಒತ್ತನ್ನು ಇಡುತ್ತದೆ. ಯೂನಿಕೋಡಿನಲ್ಲಿ ಎರಡು ಕಕಾರಗಳೂ ಮುಗಿದ ಮೇಲೆಯೇ ಗುಡಿಸು ಬರುತ್ತದೆ. 'ಕರ್ನಾಟಕ'ದ ಅರ್ಕಾವತ್ತು ನುಡಿಯಲ್ಲಿ 'ನಾ' ಆದಮೇಲೆ ಇರುವುದರಿಂದ ಅದನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ.

ಇಲ್ಲಿಯೇ ವರ್ಡ್ ಕಡತದ ಒಳರಚನೆ ಅಡ್ಡ ಬರುತ್ತದೆ. ಡಾಕ್ಸ್ ಕಡತವೆಂಬುದು ವಾಸ್ತವವಾಗಿ ಜಿಪ್ ಕಟ್ಟಾಗಿದ್ದು, ಅದರೊಳಗಿನ ಎಕ್ಸ್‌ಎಂಎಲ್ ಪಠ್ಯವು 'ರನ್' ಎಂಬ ತುಂಡುಗಳಲ್ಲಿರುತ್ತದೆ. ಒಂದೇ ವಿನ್ಯಾಸವುಳ್ಳ ಅಕ್ಷರಗಳ ಸಾಲಿಗೆ ಆ ಹೆಸರು. ತಿದ್ದುಪಡಿಗಳ ಕಾರಣದಿಂದ ಒಂದೇ ಪದ ಎರಡು ಮೂರು ರನ್‌ಗಳಾಗಿ ಒಡೆದಿರುವುದುಂಟು. 'ನಾ' ಒಂದು ರನ್ನಿನಲ್ಲೂ ಅದರ ಅರ್ಕಾವತ್ತು ಮುಂದಿನದರಲ್ಲೂ ಇದ್ದರೆ, ರನ್‌ಗಳನ್ನು ಬಿಡಿಬಿಡಿಯಾಗಿ ಮಾರ್ಪಡಿಸುವ ತಂತ್ರಾಂಶಕ್ಕೆ 'ಕರ್ನಾಟಕ' ದಕ್ಕುವುದಿಲ್ಲ. ಆದಕಾರಣ ಒಂದೇ ಫಾಂಟಿನ ಪಕ್ಕಪಕ್ಕದ ರನ್‌ಗಳನ್ನು ಮೊದಲು ಕೂಡಿಸಿ, ಇಂಗ್ಲಿಷ್ ಫಾಂಟಿನಲ್ಲಿರುವ ಹೆಸರು, ಮಿಂಚಂಚೆ ವಿಳಾಸ ಮುಂತಾದವನ್ನು ಮುಟ್ಟದೆ ಬಿಟ್ಟು, ಚಿಹ್ನೆಗಳನ್ನು ಯೂನಿಕೋಡಿಗೆ ತಂದ ಬಳಿಕವಷ್ಟೇ ದಪ್ಪ, ಓರೆಗಳನ್ನು ಟ್ಯಾಗಾಗಿಸಿ ಫಾಂಟಿನ ಹೆಸರನ್ನು ಕೈಬಿಡುವುದು ಸರಿಯಾದ ಕ್ರಮ. ಶ್ರೀಲಿಪಿಯಂಥ ಡಿಟಿಪಿ ತಂತ್ರಾಂಶಗಳ ಚಿಹ್ನೆವ್ಯವಸ್ಥೆ ನುಡಿಯದಕ್ಕಿಂತ ಬೇರೆಯಾದ್ದರಿಂದ, ಯಾವ ಪರಿವರ್ತನಾ ಕೋಷ್ಟಕವನ್ನು ಬಳಸಬೇಕೆಂಬುದನ್ನೂ ಹೇಳುವುದು ಆ ಹೆಸರೇ.