ಕೋಟೆಯೊಳಗೊಂದು ರಾತ್ರಿ: ಯುವ ವಸತಿಗೃಹಗಳ ಚರಿತ್ರೆ

‘ಹಾಸ್ಟೆಲ್’ ಎಂದೊಡನೆ ನಮ್ಮವರಿಗೆ ನೆನಪಾಗುವುದು ಊರು ಬಿಟ್ಟು ಓದಲು ಬಂದ ಮಕ್ಕಳು ವರ್ಷಗಟ್ಟಲೆ ಇರುವ ವಿದ್ಯಾರ್ಥಿನಿಲಯ. ಪ್ರಸ್ತುತ ಲೇಖನದ ವಿಷಯ ಅದಕ್ಕಿಂತ ಭಿನ್ನವಾದ ‘ಯೂತ್ ಹಾಸ್ಟೆಲ್’. ಕಾಲ್ನಡಿಗೆಯಲ್ಲೋ ಬೈಸಿಕಲ್ಲಿನ ಮೇಲೋ ದೇಶ ನೋಡಲು ಹೊರಟ ತರುಣರು ಅಲ್ಪ ಶುಲ್ಕ ತೆತ್ತು ಒಂದೆರಡು ರಾತ್ರಿ ತಂಗಿ ಮುಂದಿನ ದಾರಿ ಹಿಡಿಯುವ ಯುವ ವಸತಿಗೃಹಗಳಿವು. ಸ್ವರೂಪದಲ್ಲಿ ನಮ್ಮ ಛತ್ರಗಳಿಗೆ ಹತ್ತಿರ. ಇವು ಯುರೋಪಿನಲ್ಲಿ ಹುಟ್ಟಿ, ಹಳೆಯ ಕೋಟೆ, ಮಹಲು, ಕಣಜಗಳ ಬಾಗಿಲುಗಳನ್ನು ಬಡವರ ಮಕ್ಕಳಿಗೂ ತೆರೆದ ವೃತ್ತಾಂತವು ಪ್ರಾಚೀನ ಕಟ್ಟಡಗಳ ಹೊಣೆ ಹೊತ್ತವರು ಅರಿಯತಕ್ಕದ್ದಾಗಿದೆ.

ಈ ಚಳವಳಿಯ ಮೂಲಪುರುಷ ಜರ್ಮನಿಯ ಒಬ್ಬ ಪ್ರಾಥಮಿಕ ಶಾಲಾ ಉಪಾಧ್ಯಾಯ. ರಿಚರ್ಡ್ ಶಿರ್‌ಮಾನ್ ಅವರು 1874ರಲ್ಲಿ ಪೂರ್ವ ಪ್ರಷ್ಯದಲ್ಲಿ ಜನಿಸಿದರು. 1901ರಲ್ಲಿ ಗೆಲ್ಸೆನ್‌ಕಿರ್ಶೆನ್ ಎಂಬ ಕಲ್ಲಿದ್ದಲಿನ ಪಟ್ಟಣಕ್ಕೆ ಉಪಾಧ್ಯಾಯರಾಗಿ ಬಂದಾಗ ಗಣಿಕಾರ್ಮಿಕರ ಮಕ್ಕಳು ಹೊಗೆಯ ನಡುವೆ ಬೆಳೆಯುವುದನ್ನು ಕಂಡರು. 1903ರಲ್ಲಿ ವೆಸ್ಟ್‌ಫೇಲಿಯಾದ ಆಲ್ಟೆನಾ ಎಂಬ ಊರಿಗೆ ಬಂದರು. ತಂತಿ ಎಳೆಯುವ ಕೈಗಾರಿಕೆಗೆ ಹೆಸರಾದ, ಬೆಟ್ಟದ ಮೇಲೆ ಹನ್ನೆರಡನೆಯ ಶತಮಾನದ ಕೋಟೆಯಿದ್ದ ಊರು ಅದು. ನಾಲ್ಕು ಗೋಡೆಗಳೊಳಗಿನ ಪಾಠಕ್ಕಿಂತ ನಡೆದು ನೋಡಿ ಕಲಿಯುವ ಪಾಠವೇ ಮೇಲೆಂಬುದು ಶಿರ್‌ಮಾನರ ದೃಢ ಅಭಿಪ್ರಾಯ. ಭೂಗೋಳವನ್ನು ನದಿಯ ದಂಡೆಯಲ್ಲಿಯೂ ಇತಿಹಾಸವನ್ನು ಹಳೆಯ ಊರುಗಳ ಬೀದಿಗಳಲ್ಲಿಯೂ ಕಲಿಸಲು ಅವರು ಮಕ್ಕಳೊಡನೆ ಹೊರಡುತ್ತಿದ್ದರು.

1909ರ ಆಗಸ್ಟ್ 26ರಂದು, ಆಲ್ಟೆನಾದಿಂದ ಆಖೆನ್ ನಗರದತ್ತ ಎಂಟು ದಿನಗಳ ಯಾತ್ರೆ ಹೊರಟಿದ್ದ ಈ ತಂಡ ಬ್ರೋಲ್ ಎಂಬ ಕಣಿವೆಯಲ್ಲಿ ಬಿರುಗಾಳಿಗೂ ಮಳೆಗೂ ಸಿಲುಕಿತು. ಕೊನೆಗೆ ದೊರೆತದ್ದು ಒಂದು ಹಳ್ಳಿಯ ಶಾಲೆ. ರಜೆಯ ಕಾಲವಾದುದರಿಂದ ಕೊಠಡಿ ಬರಿದಾಗಿತ್ತು. ರೈತನೊಬ್ಬ ಹಾಸಲು ಹುಲ್ಲನ್ನೂ ಕುಡಿಯಲು ಹಾಲನ್ನೂ ಕೊಟ್ಟ. ಮಕ್ಕಳು ನಿದ್ರೆ ಹೋದರು. ಉಪಾಧ್ಯಾಯರಿಗೆ ನಿದ್ರೆ ಬರಲಿಲ್ಲ. ರಜೆಯ ದಿನಗಳಲ್ಲಿ ದೇಶದ ಸಾವಿರಾರು ಶಾಲೆಗಳು ಬೀಗ ಹಾಕಿಕೊಂಡು ನಿಂತಿರುತ್ತವೆ. ಒಂದು ದಿನದ ನಡಿಗೆಗೆ ಒಂದರಂತೆ ಅವುಗಳನ್ನು ರಾತ್ರಿಯ ತಂಗುದಾಣಗಳಾಗಿ ಏಕೆ ಮಾಡಬಾರದು? ಅಂದು ಮೂಡಿದ ಈ ವಿಚಾರವನ್ನು ಅವರು 1910ರಲ್ಲಿ ಪತ್ರಿಕೆಯೊಂದರ ಮೂಲಕ ಜನರ ಮುಂದಿಟ್ಟರು. ಹಿಲ್ಶೆನ್‌ಬಾಖ್ ಊರಿನ ಉದ್ಯಮಿ ವಿಲ್‌ಹೆಲ್ಮ್ ಮ್ಯೂಂಕರ್ ಅವರು ಮುಂದೆ ಈ ಕಾರ್ಯದಲ್ಲಿ ಬಲಗೈಯಾಗಿ ನಿಂತರು. ಕನಸು ಕಂಡವರ ಹೆಸರು ಉಳಿಯುತ್ತದೆ, ಲೆಕ್ಕ ಬರೆದವರ ಹೆಸರು ಮರೆಯುತ್ತದೆ. ಆದುದರಿಂದ ಇಲ್ಲಿ ಮ್ಯೂಂಕರರ ಹೆಸರನ್ನು ಬೇಕೆಂದೇ ಹೇಳಿದ್ದೇನೆ.

ಇತ್ತ ಆಲ್ಟೆನಾದ ಕೋಟೆ ತನ್ನ ವೈಭವ ಕಳೆದುಕೊಂಡು ಎಷ್ಟೋ ಕಾಲವಾಗಿತ್ತು. ಬಡವರ ಆಶ್ರಯವಾಗಿ, ಸೆರೆಮನೆಯಾಗಿ, ಆಸ್ಪತ್ರೆಯಾಗಿ ಬಳಕೆಯಾಗಿ, ಬಹುಭಾಗ ಪಾಳುಬಿದ್ದಿತ್ತು. ಮಾರ್ಕ್ ಸಂಸ್ಥಾನವು ಬ್ರಾಂಡೆನ್‌ಬುರ್ಗ್ ರಾಜಮನೆತನಕ್ಕೆ ಸೇರಿ ಮುನ್ನೂರು ವರ್ಷ ತುಂಬಿದ 1909ರ ಸಂದರ್ಭವನ್ನು ನೆಪವಾಗಿಸಿಕೊಂಡು ಜಿಲ್ಲಾಧಿಕಾರಿ ಫ್ರಿಟ್ಸ್ ತೊಮೇ ಅವರು ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಆಗ ದೊಡ್ಡ ವಾದವೇ ಎದ್ದಿತು. ಇದ್ದುದನ್ನು ಇದ್ದಂತೆ ಉಳಿಸಬೇಕೇ ಹೊರತು, ಹೀಗಿದ್ದಿರಬಹುದೆಂದು ಊಹಿಸಿ ಹೊಸ ಗೋಡೆ ಎಬ್ಬಿಸುವುದು ಚರಿತ್ರೆಗೆ ಬಗೆವ ಅಪಚಾರವೆಂದು ವಿದ್ವಾಂಸರು ಆಕ್ಷೇಪಿಸಿದರು. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಕಲ್ಲುಗಳು ಸುಣ್ಣದಡಿ ಮರೆಯಾದುದನ್ನು ಕಂಡಿರುವ ನಮಗೆ ಆ ಆಕ್ಷೇಪದ ತೂಕ ತಿಳಿಯದೆ ಇರದು. ಆದರೂ ಕೋಟೆ ಎದ್ದಿತು. ಇದೇ ಕೋಟೆಯಲ್ಲಿ 1912ರಲ್ಲಿ ಶಿರ್‌ಮಾನರ ವಸತಿಗೃಹಕ್ಕೆ ಸ್ಥಳ ದೊರೆಯಿತು. ಜಗತ್ತಿನ ಮೊದಲ ಶಾಶ್ವತ ಯುವ ವಸತಿಗೃಹ ಇದೆಂದು ಪ್ರಸಿದ್ಧಿ. ಮೂರು ಅಂತಸ್ತಿನ ದಪ್ಪ ಮರದ ಮಂಚಗಳು, ಒಂದು ಅಡುಗೆಮನೆ, ಸ್ನಾನದ ಏರ್ಪಾಡು, ಇಷ್ಟೇ ಅದರ ಸಲಕರಣೆ. ಆ ಕೋಣೆಗಳನ್ನು ಇಂದು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ.

ಇದರಲ್ಲಿ ವಿಶೇಷವೇನು ಎಂದು ವಾಚಕರು ಕೇಳಬಹುದು. ಕೋಟೆ ನೋಡಲು ಹಗಲಿನಲ್ಲಿ ಟಿಕೆಟು ಪಡೆದು ಹೋಗಬಹುದಲ್ಲ? ಹೋಗಬಹುದು, ಸಮೀಪದಲ್ಲಿ ಮನೆಯಿದ್ದರೆ. ದೂರದ ಗಣಿಕಾರ್ಮಿಕನ ಮಗನಿಗೆ ಅಡ್ಡವಾಗುತ್ತಿದ್ದುದು ಪ್ರವೇಶಶುಲ್ಕವಲ್ಲ, ರಾತ್ರಿಯ ತಂಗುವಿಕೆ. ನಡೆಯಲು ಕಾಲುಗಳಿದ್ದವು, ತಿನ್ನಲು ಬುತ್ತಿಯಿತ್ತು. ಹೋಟೆಲಿನ ಬಾಡಿಗೆ ಮಾತ್ರ ಅವನ ತಂದೆಯ ಕೈಗೆ ಮೀರಿದ್ದು. ಆ ಒಂದು ವೆಚ್ಚವನ್ನು ಇಳಿಸಿದೊಡನೆ ದೇಶದ ಪರಂಪರೆಯ ಸ್ವತ್ತೆಲ್ಲ ಅವನ ನಡಿಗೆಯ ಅಳವಿಗೆ ಬಂದಿತು. ಇನ್ನೂ ಒಂದು ಮಾತುಂಟು. ಹಗಲಿನ ಪ್ರೇಕ್ಷಕ ಕಟ್ಟಡವನ್ನು ನೋಡುತ್ತಾನೆ; ರಾತ್ರಿ ಅಲ್ಲಿ ಮಲಗಿದವನಿಗೆ ಗೋಡೆ ಎಷ್ಟು ದಪ್ಪ, ಕಿಟಕಿ ಏಕೆ ಅಷ್ಟು ಕಿರಿದು, ಕಲ್ಲಿನ ಕೋಣೆಯ ಚಳಿ ಎಂಥದ್ದು ಎಂಬುದು ಮೈಗೇ ತಿಳಿಯುತ್ತದೆ.

ಈ ಚಳವಳಿ ಬೇಗ ಹಬ್ಬಿತು. 1932ರ ವೇಳೆಗೆ ಜರ್ಮನಿಯೊಂದರಲ್ಲಿಯೇ ಎರಡು ಸಾವಿರಕ್ಕೂ ಮಿಕ್ಕಿ ವಸತಿಗೃಹಗಳಿದ್ದವು. ರೈನ್ ನದಿಯ ಮೇಲಿನ ಬಾಖರಾಖ್ ಊರಿನ ಷ್ಟಾಲೆಕ್ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನಿಕರು ಸಿಡಿಸಿ ಕೆಡವಿದ್ದರು. 1909ರಲ್ಲಿ ಅದರ ಅವಶೇಷ ಸ್ಮಾರಕ ಸಂರಕ್ಷಣೆಯ ಸಂಘವೊಂದರ ಕೈಗೆ ಬಂದು, 1920ರ ದಶಕದಲ್ಲಿ ಯುವ ವಸತಿಗೃಹವೆಂಬ ಉದ್ದೇಶದಿಂದಲೇ ಮತ್ತೆ ಕಟ್ಟಲ್ಪಟ್ಟಿತು.

ಮೊದಲ ಮಹಾಯುದ್ಧದಲ್ಲಿ ಶಿರ್‌ಮಾನರು ವೋಜ್ ಪರ್ವತಗಳ ರಣರಂಗದಲ್ಲಿದ್ದರು. 1915ರ ಕ್ರಿಸ್‌ಮಸ್ ದಿನ ಹಳ್ಳಿಗಳ ಗಂಟೆಗಳು ಮೊಳಗಿದಾಗ ಎರಡೂ ಪಕ್ಷದ ಸೈನಿಕರು ತಾವಾಗಿಯೇ ಶಸ್ತ್ರ ಕೆಳಗಿಟ್ಟು, ರೊಟ್ಟಿ ಬಿಸ್ಕತ್ತುಗಳನ್ನು ಪರಸ್ಪರ ಹಂಚಿಕೊಂಡುದನ್ನು ಅವರು ಕಣ್ಣಾರೆ ಕಂಡರು. ಎಲ್ಲ ದೇಶಗಳ ತರುಣರು ಒಂದೆಡೆ ಕೂಡುವ ತಾಣಗಳು ಬೇಕೆಂಬ ಆಶಯ ಅಲ್ಲಿ ಬಲಿಯಿತು. 1932ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 11 ಸಂಘಗಳು ಸೇರಿ ಅಂತಾರಾಷ್ಟ್ರೀಯ ಒಕ್ಕೂಟದ ತಳಹದಿ ಹಾಕಿದವು. ಮರುವರ್ಷ ಶಿರ್‌ಮಾನರೇ ಅದರ ಅಧ್ಯಕ್ಷರಾದರು.

ಅದೇ 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಜರ್ಮನಿಯ ವಸತಿಗೃಹಗಳನ್ನು ಹಿಟ್ಲರನ ಯುವದಳದ ವಶಕ್ಕೆ ಒಪ್ಪಿಸಿದರು. ಯಹೂದಿ ತರುಣರಿಗೆ ಬಾಗಿಲು ಮುಚ್ಚಿತು. 1936ರಲ್ಲಿ ಶಿರ್‌ಮಾನರು ಅಧ್ಯಕ್ಷಸ್ಥಾನವನ್ನೂ ಬಿಡಬೇಕಾಯಿತು. ಮಂಚಗಳು ಅವೇ, ಕೋಟೆಗಳೂ ಅವೇ; ಎಲ್ಲರಿಗೂ ಎಂಬ ಒಂದು ಪದ ಕಿತ್ತುಹೋದುದೇ ತಡ, ಅವು ದ್ವೇಷದ ಪಾಠಶಾಲೆಗಳಾದವು. ಈ ಚಳವಳಿಯನ್ನು ಹೊಗಳಿ ಬರೆಯುವ ಅನೇಕರು ಈ ಅಧ್ಯಾಯವನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ನನಗೆ ಸರಿಕಾಣದು. ನ್ಯೂರೆಂಬರ್ಗ್ ನಗರದಲ್ಲಿ 1494–95ರಲ್ಲಿ ಕಟ್ಟಿದ ಧಾನ್ಯದ ದೊಡ್ಡ ಕಣಜವನ್ನು ಅವರದೇ ಆಳ್ವಿಕೆಯಲ್ಲಿ, 1938ರಲ್ಲಿ, ಯುವ ವಸತಿಗೃಹವಾಗಿಸಲಾಯಿತು. ಯುದ್ಧದಲ್ಲಿ ಅದು ನಾಶವಾಗಿ, 1950ರ ದಶಕದ ಆರಂಭದಲ್ಲಿ ಮತ್ತೆ ಎದ್ದು, ಎಲ್ಲ ದೇಶದವರಿಗೂ ತೆರೆಯಿತು.

ಬ್ರಿಟನ್ನಿನಲ್ಲಿ ಸಂಘ ಸ್ಥಾಪನೆಯಾದದ್ದು 1930ರಲ್ಲಿ. ಅದರ ಮೊದಲ ಅಧ್ಯಕ್ಷರು ಸುಪ್ರಸಿದ್ಧ ಇತಿಹಾಸಕಾರ ಜಿ. ಎಂ. ಟ್ರೆವೆಲಿಯನ್. ಅಲ್ಪ ಆದಾಯದ ತರುಣರಿಗೆ ನಾಡನ್ನು ಅರಿಯುವ, ಪ್ರೀತಿಸುವ, ಕಾಪಾಡುವ ಅವಕಾಶ ಕಲ್ಪಿಸುವುದು ಅದರ ಧ್ಯೇಯ. ರಾತ್ರಿಗೆ ಒಂದು ಷಿಲಿಂಗ್ ಶುಲ್ಕ. ಒಂದೆಡೆ ಮೂರು ರಾತ್ರಿಗಿಂತ ಹೆಚ್ಚು ಇರುವಂತಿರಲಿಲ್ಲ. ಬೆಳಿಗ್ಗೆ ಹೊರಡುವ ಮುನ್ನ ಪ್ರತಿಯೊಬ್ಬರೂ ನೆಲ ಗುಡಿಸುವುದೋ ಪಾತ್ರೆ ತೊಳೆಯುವುದೋ ಒಂದು ಕೆಲಸ ಮಾಡಲೇಬೇಕಿತ್ತು. ಶುಲ್ಕ ಅಗ್ಗವಾಗಿ ಉಳಿದದ್ದು ಹೀಗೆ. ತಾನು ಗುಡಿಸಿದ ನೆಲದ ಮೇಲೆ ಯಾರೂ ಸುಲಭವಾಗಿ ಕಸ ಎಸೆಯಲಾರರು.

ಶ್ರಾಪ್‌ಷೈರಿನ ವೈಲ್ಡರ್‌ಹೋಪ್ ಮಹಲಿನ ಕಥೆ ವಿಶ್ವಸ್ತ ಮಂಡಳಿಗಳವರಿಗೆ ವಿಶೇಷವಾಗಿ ಉಪಯುಕ್ತ. ಒಂದನೆಯ ಎಲಿಜಬೆತ್ ರಾಣಿಯ ಕಾಲದ ಈ ಮನೆ ಶಿಥಿಲವಾಗಿದ್ದಾಗ, 1936ರಲ್ಲಿ ಕ್ಯಾಡ್ಬರಿ ಕುಟುಂಬದ ಟ್ರಸ್ಟೊಂದು ಅದನ್ನು ಕೊಂಡು ‘ನ್ಯಾಷನಲ್ ಟ್ರಸ್ಟ್’ ಎಂಬ ಸಂರಕ್ಷಣಾ ಸಂಸ್ಥೆಗೆ ದಾನವಿತ್ತಿತು. ದಾನಕ್ಕೊಂದು ನಿಬಂಧನೆಯಿತ್ತು: ಮನೆಯನ್ನು ಯುವ ವಸತಿಗೃಹವಾಗಿಯೇ ಬಳಸಬೇಕು. 1937ರಲ್ಲಿ ಅದು ಹಾಗೆಯೇ ತೆರೆಯಿತು. ಸ್ವಾಮ್ಯ ಒಂದು ಸಂಸ್ಥೆಯದು, ನಿತ್ಯದ ನಿರ್ವಹಣೆ ಇನ್ನೊಂದರದು. ಜಾನ್ ದೊರೆಯು ಬೇಟೆಗೆ ತಂಗುತ್ತಿದ್ದ, ಮುಂದೆ ಸಾಲಗಾರರ ಸೆರೆಮನೆಯಾದ ಸೇಂಟ್ ಬ್ರೇವೆಲ್ಸ್ ಕೋಟೆ 1948ರಲ್ಲಿ ವಸತಿಗೃಹವಾದಾಗಲೂ ಒಡೆತನ ರಾಜ್ಯದಲ್ಲಿಯೇ ಉಳಿಯಿತು. ಗೋಡೆಗಳ ಮೇಲೆ ಕೈದಿಗಳು ಕೊರೆದ ಬರಹಗಳು ಅಲ್ಲಿ ಈಗಲೂ ಇವೆ.

ಇದಕ್ಕೆ ಭಿನ್ನವಾದ ಗತಿ ಸ್ಕಾಟ್‌ಲೆಂಡಿನ ಕಾರ್ಬಿಸ್‌ಡೇಲ್ ಕೋಟೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸದರ್‌ಲೆಂಡಿನ ಡಚೆಸ್ ಒಬ್ಬರಿಗಾಗಿ ಕಟ್ಟಿದ ಆ ಸೌಧವನ್ನು, ಒಳಗಿನ ವರ್ಣಚಿತ್ರ ಶಿಲ್ಪಗಳ ಸಹಿತ, ಸಾಲ್ವೆಸನ್ ಕುಟುಂಬದವರು ಸ್ಕಾಟಿಷ್ ಯುವ ವಸತಿಗೃಹ ಸಂಘಕ್ಕೆ ದಾನವಾಗಿತ್ತರು. 1945ರ ಜೂನಿನಲ್ಲಿ ಅದು ತೆರೆಯಿತು. ಬೆನ್ನಿಗೆ ಚೀಲ ಹೊತ್ತು ಬಂದ ಕಾರ್ಮಿಕರ ಮಕ್ಕಳು ಅರುವತ್ತೈದು ವರ್ಷ ಅಮೃತಶಿಲೆಯ ಪ್ರತಿಮೆಗಳ ನಡುವೆ ಓಡಾಡಿ, ಮೇಲ್ಮಹಡಿಗಳಲ್ಲಿ ಮಲಗಿದರು. ಆದರೆ ಇಲ್ಲಿ ಒಡೆತನವೂ ನಿರ್ವಹಣೆಯೂ ದುರಸ್ತಿಯೂ ಅಗ್ಗದ ಹಾಸಿಗೆ ಒದಗಿಸುವ ಒಂದೇ ಸಂಘದ ಹೆಗಲ ಮೇಲಿದ್ದವು. 2011ರಲ್ಲಿ ಹಿಮದ ಹೊಡೆತಕ್ಕೆ ಕಟ್ಟಡ ಕೆಟ್ಟಿತು. ದುರಸ್ತಿಯ ಅಂದಾಜು ಏರುತ್ತ ಹೋಗಿ ಬಾಗಿಲು ಮತ್ತೆ ತೆರೆಯಲಿಲ್ಲ. ಕಲಾಕೃತಿಗಳು 2015ರಲ್ಲಿ ಹರಾಜಾದವು. ಮರುವರ್ಷ ಕೋಟೆಯೂ ಖಾಸಗಿಯವರಿಗೆ ಮಾರಾಟವಾಯಿತು.

ಎರಡು ಮೂರು ಉದಾಹರಣೆಗಳ ಮೇಲೆ ಸಿದ್ಧಾಂತ ಕಟ್ಟುವುದು ತರವಲ್ಲ. ಒಡೆತನ ಬೇರೆಯವರಲ್ಲಿದ್ದ ಮಾತ್ರಕ್ಕೆ ವಸತಿಗೃಹ ಉಳಿದೇ ತೀರುವುದೆಂದೂ ಹೇಳಲಾಗದು. ಆದರೆ ಷ್ಟಾಲೆಕ್, ವೈಲ್ಡರ್‌ಹೋಪ್, ಸೇಂಟ್ ಬ್ರೇವೆಲ್ಸ್ ಈ ಮೂರರಲ್ಲಿಯೂ ಕಲ್ಲಿನ ಹೊಣೆ ಹೊತ್ತವರು ಒಬ್ಬರು, ಅತಿಥಿಯ ಹೊಣೆ ಹೊತ್ತವರು ಇನ್ನೊಬ್ಬರು ಎಂಬುದು ಗಮನಾರ್ಹ. ಕಾರ್ಬಿಸ್‌ಡೇಲಿನಲ್ಲಿ ಚಾವಣಿಯ ಖರ್ಚನ್ನು ಹಾಸಿಗೆಯ ಬಾಡಿಗೆಯಿಂದಲೇ ಹೊಂದಿಸಬೇಕಾಗಿತ್ತು. ಹಾಗೆ ಹೊಂದಿಸಲು ಬಾಡಿಗೆ ಏರಿಸಿದರೆ ಕೋಟೆ ಯಾರಿಗಾಗಿ ತೆರೆದಿತ್ತೋ ಅವರೇ ಬರಲಾರರು. ಏರಿಸದಿದ್ದರೆ ಚಾವಣಿ ನಿಲ್ಲದು. 2023ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸಂಘವೂ ಖರ್ಚು ತೂಗಿಸಲಾರದೆ ತನ್ನ 20 ವಸತಿಗೃಹಗಳನ್ನು ಮಾರಾಟಕ್ಕಿಟ್ಟಿತು.