ಮಿದುಳಿನ ಗಾಯದ ಪುನಶ್ಚೇತನದಲ್ಲಿ ಕುಟುಂಬ ಶಿಕ್ಷಣ

ಮಿದುಳಿಗೆ ಪೆಟ್ಟಾದ ರೋಗಿಗೂ ಮನೆಯವರಿಗೂ ಗಾಯದ ಸ್ವರೂಪ, ಚೇತರಿಕೆಯ ಹಂತಗಳು ಮತ್ತು ಆರೈಕೆಯ ಕ್ರಮವನ್ನು ತಿಳಿಸಿಕೊಡುವ ಕಾರ್ಯವು ಪುನಶ್ಚೇತನ ಚಿಕಿತ್ಸೆಯ ಒಂದು ಅಂಗವಾಗಿದೆ. ಇತರ ಅನೇಕ ಕಾಯಿಲೆಗಳಲ್ಲಿ ರೋಗಿಗೆ ವಿವರಿಸಿದರೆ ಬಹುಮಟ್ಟಿಗೆ ಸಾಕು; ಇಲ್ಲಿ ಗಾಯವೇ ನೆನಪು, ಗಮನ ಮತ್ತು ವಿವೇಚನೆಗಳನ್ನು ಕುಂದಿಸಿರಬಹುದು. ಕೆಲವರಿಗೆ ತಮ್ಮಲ್ಲಿ ಕೊರತೆಯಿದೆ ಎಂಬ ಅರಿವೂ ಇರುವುದಿಲ್ಲ. ಆದ್ದರಿಂದ ಕಲಿಕೆಯ ಹೊರೆ ಮೊದಲಿಗೆ ಕುಟುಂಬದ ಮೇಲೆ ಬೀಳುತ್ತದೆ.

ಚೇತರಿಕೆಯನ್ನು ಮನೆಯವರಿಗೆ ವಿವರಿಸಲು ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ರೂಪುಗೊಂಡ ಮಾಪಕವು ಉಪಯುಕ್ತವಾಗಿದೆ. ಮೂಲದಲ್ಲಿ 8 ಹಂತಗಳಿದ್ದ ಇದನ್ನು ನಂತರ 10ಕ್ಕೆ ವಿಸ್ತರಿಸಲಾಯಿತು. ಇದರ 4ನೆಯ ಹಂತದಲ್ಲಿ ರೋಗಿಯು ಗೊಂದಲಗೊಂಡು ಕೆರಳಬಹುದು, ಬೈಯಬಹುದು, ಕೊಳವೆಗಳನ್ನು ಕೀಳಲೆತ್ನಿಸಬಹುದು. ಮೊದಲೇ ತಿಳಿಸದಿದ್ದರೆ ಮನೆಯವರು ಇದನ್ನು ಹುಚ್ಚೆಂದು ಭಾವಿಸುವುದುಂಟು. ವಾಸ್ತವದಲ್ಲಿ, ಪ್ರತಿಕ್ರಿಯೆಯೇ ಇಲ್ಲದ ಆರಂಭದ ಹಂತಕ್ಕೆ ಹೋಲಿಸಿದರೆ ಇದು ಮುನ್ನಡೆ. ಈ ಅವಧಿಯಲ್ಲಿ ಬೆಳಕು, ಸದ್ದುಗಳನ್ನು ತಗ್ಗಿಸಿ, ಒಮ್ಮೆಗೆ ಒಬ್ಬರೇ ಚಿಕ್ಕ ವಾಕ್ಯಗಳಲ್ಲಿ ಮಾತನಾಡಬೇಕು. ಬಂಧುಬಳಗವೆಲ್ಲ ಹಾಸಿಗೆಯ ಸುತ್ತ ನೆರೆಯುವ ಭಾರತದ ವಾಡಿಕೆಯಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ.

ಬಿಡುಗಡೆಯ ದಿನ ಎಲ್ಲವನ್ನೂ ಒಮ್ಮೆಲೇ ಹೇಳಿ ಕರಪತ್ರ ಕೊಟ್ಟರೆ ಆತಂಕದಲ್ಲಿರುವವರ ಮನಸ್ಸಿನಲ್ಲಿ ಹೆಚ್ಚೇನೂ ಉಳಿಯದು. ಅದಕ್ಕಾಗಿ ವಿಷಯವನ್ನು ಸ್ವಲ್ಪಸ್ವಲ್ಪವಾಗಿ ತಿಳಿಸಿ, ಕೇಳಿದವರಿಂದಲೇ ಅವರ ಮಾತಿನಲ್ಲಿ ಮರಳಿ ಹೇಳಿಸುವ ವಿಧಾನವನ್ನು ಅನುಸರಿಸಲಾಗುತ್ತದೆ. ಊಟ ಮಾಡಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ವರ್ಗಾಯಿಸುವುದು ಮುಂತಾದವನ್ನು ಆಸ್ಪತ್ರೆಯಲ್ಲಿಯೇ ಅವರ ಕೈಯಿಂದ ಮಾಡಿಸಿ ನೋಡಲಾಗುತ್ತದೆ. ರೋಗಿಯ ನೆನಪಿಗೆ ದಿನಚರಿ ಪುಸ್ತಕ ಹಾಗೂ ಗೋಡೆಯ ಕ್ಯಾಲೆಂಡರ್ ನೆರವಾಗುತ್ತವೆ. ಫಿಟ್ಸ್, ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು ಅಥವಾ ಮಂಪರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆತರಬೇಕೆಂಬ ಸೂಚನೆಯನ್ನು ಮಾತ್ರ ಬಾಯಿಮಾತಿಗೆ ಬಿಡದೆ ಮನೆಯವರು ಓದಬಲ್ಲ ಭಾಷೆಯಲ್ಲಿ ಬರೆದುಕೊಡಬೇಕು.