ಅಂಗುಳ ಹೊಲಿದಾಯ್ತು, ಮಾತು?

ಸೀಳು ತುಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸೀಳು ಅಂಗುಳ ಬಾಯೊಳಗೆ ಅಡಗಿರುತ್ತದೆ. ಕುಡಿದ ಹಾಲು ಮೂಗಲ್ಲಿ ಬರುತ್ತದೆ, ಮಾತಾಡುವಾಗ ಗಾಳಿಯೂ ಮೂಗಿಗೇ ನುಗ್ಗುತ್ತದೆ. ಮಗು 'ಅಪ್ಪ' ಅಂದರೆ 'ಅಮ್ಮ' ಅಂದಂತೆ ಕೇಳುತ್ತದೆ. ನಮ್ಮ ಕಡೆ ಗ್ರಹಣವನ್ನು ದೂರುವವರು ಈಗಲೂ ಇದ್ದಾರೆ. ಪಾಪ, ಗ್ರಹಣದ್ದೇನೂ ತಪ್ಪಿಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಅಂಗುಳದ ಎರಡು ಬದಿ ಕೂಡಿಕೊಳ್ಳದಿದ್ದರೆ ಹೀಗಾಗುತ್ತದೆ.

1819ರಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಸ್ಟೀಫನ್‌ಸನ್ ಎಂಬ ಕೆನಡಾದ ವೈದ್ಯ ವಿದ್ಯಾರ್ಥಿ ಇದ್ದ. ಹುಟ್ಟಿನಿಂದಲೇ ಅವನ ಅಂಗುಳ ಸೀಳಿತ್ತು. ಫಿಲಿಬೆರ್ ರೂ ಎಂಬ ಸರ್ಜನ್ ಅದನ್ನು ಹೊಲಿದರು. ಅರಿವಳಿಕೆ ಬರಲು ಇನ್ನೂ 27 ವರ್ಷ ಇತ್ತು. ಹುಡುಗ ಎಚ್ಚರವಾಗಿಯೇ ಬಾಯಿ ತೆರೆದು ಕೂರಬೇಕಾಯಿತು. ಆ ಧೈರ್ಯಕ್ಕೆ ಏನನ್ನೋಣ! ಮರುವರ್ಷ ಅವನು ಎಡಿನ್‌ಬರೋದಲ್ಲಿ ತನ್ನ ಅಂಗುಳದ ಮೇಲೆಯೇ ಪದವಿ ಪ್ರಬಂಧ ಬರೆದ. ಮುಂದೆ ಮಾಂಟ್ರಿಯಲ್‌ನಲ್ಲಿ ಗೆಳೆಯರೊಂದಿಗೆ ವೈದ್ಯ ಶಾಲೆ ಕಟ್ಟಿ, ಅಲ್ಲಿ ಪಾಠ ಹೇಳಿದ.

ಆದರೆ ಹೊಲಿದ ಮಾತ್ರಕ್ಕೆ ಎಲ್ಲರ ಮಾತೂ ತಿಳಿಯಾಗಲಿಲ್ಲ. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲೇ ವಿಕ್ಟರ್ ವೋ ಎಂಬ ಸರ್ಜನ್, ಆಪರೇಷನ್ ಗೆದ್ದಿದೆಯೋ ಇಲ್ಲವೋ ಎಂದು ಮಗುವಿನ ಮಾತು ಕೇಳಿಯೇ ಅಳೆಯಬೇಕು ಅಂದರು. ಅವರ ಮಕ್ಕಳ ಮಾತು ಪರೀಕ್ಷಿಸಿ ತಿದ್ದಿದವರು ಸುಜಾನ್ ಬೋರೆಲ್-ಮೇಸನಿ. ಈ ಕಥೆಯಲ್ಲಿ ಸರ್ಜನ್‌ಗಳಷ್ಟೇ ಹೆಸರು ಆಕೆಗೂ ಸಲ್ಲಬೇಕು ಅನ್ನುತ್ತೇವೆ ನಾವು.

ಪರೀಕ್ಷೆಯ ಮುಖ್ಯ ಪ್ರಶ್ನೆ ಇಂದಿಗೂ ಒಂದೇ: ತೊಂದರೆ ಅಂಗುಳದ್ದೋ, ಅಭ್ಯಾಸದ್ದೋ? 'ಪಪಪ' ಅನ್ನಿಸುತ್ತಾ ಮೂಗಿನ ಕೆಳಗೆ ತಣ್ಣನೆ ಕನ್ನಡಿ ಹಿಡಿದರೆ, ಗಾಳಿ ಸೋರುವಾಗ ಮಂಜು ಕಟ್ಟುತ್ತದೆ. ಅಂಗುಳ ಗಂಟಲ ಹಿಂಬದಿಗೆ ಮುಟ್ಟುತ್ತದೆಯೇ ಎಂದು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಬಿಟ್ಟೂ ನೋಡುತ್ತಾರೆ. ಮುಟ್ಟದಿದ್ದರೆ ತರಬೇತಿಯೊಂದೇ ಸಾಲದು, ಇನ್ನೊಂದು ಆಪರೇಷನ್ ಬೇಕಾಗಬಹುದು. ಮುಟ್ಟಿದರೂ ಮಗು 'ಕ', 'ತ' ಅಕ್ಷರಗಳನ್ನು ಗಂಟಲಲ್ಲೇ ತಡೆದು ಹೇಳುತ್ತಿದ್ದರೆ ಅದು ಹಳೆಯ ರೂಢಿ, ತರಬೇತಿಯಿಂದ ಬಿಡಿಸಬಹುದು. ಬಲೂನು, ಪೀಪಿ ಊದಿಸಿ ಸರಿಮಾಡುತ್ತೇವೆ ಅನ್ನುವವರಿದ್ದಾರೆ. ಊದುವುದರಿಂದ ಮಾತು ತಿದ್ದುವುದಿಲ್ಲ, ಅಕ್ಷರವನ್ನೇ ಹೇಳಿಸಬೇಕು.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಮನೆಯಾದದ್ದು 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾನಸಗಂಗೋತ್ರಿಯಲ್ಲಿದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ಸೀಳು ತುಟಿ, ಸೀಳು ಅಂಗುಳವೂ ಇದೆ. ಅವರು ಬಂದ ದಿನ ಮಗುವಿನ ಬಾಯಿ ತೆರೆಸಿ ತೋರಿಸಿ. ಮೊದಲೇ ಹೊಲಿಸಿದ್ದರೆ, ಮಾತನ್ನೂ ಕೇಳಿಸಿ.